ಊರು ಆ ಕಡೆ, ರೂಮು ಈ ಕಡೆ

"ನೀವಿಬ್ರೂ ಹೋಗ್ಬನ್ನಿ. ನಾನು ಇಲ್ಲೇ ಕೂತಿರ್ತೇನೆ."

ಅಮ್ಮನ ಜೊತೆ ಟ್ರಿಪ್ ಹೋದವರೆಲ್ಲ ಒಮ್ಮೆಯಾದರೂ ಈ ಮಾತು ಕೇಳಿರ್ತೀರಿ. ನಾವೂ "ಸರಿ ಅಮ್ಮ, ರೆಸ್ಟ್ ತಗೋ" ಅಂತ ಹೇಳಿ, ಬಾಗಿಲು ಎಳೆದುಕೊಂಡು ಹೊರಟುಬಿಡ್ತೀವಿ. ಕಾಲು ನೋವಿರಬೇಕು, ಸುಸ್ತಾಗಿರಬೇಕು ಅಂದುಕೊಳ್ತೀವಿ. ನಾನೂ ಹಾಗೇ ಅಂದುಕೊಂಡಿದ್ದೆ, ಹೋದ ವರ್ಷದ ತನಕ.

ಅಪ್ಪ ಸ್ಟ್ರೋಕ್ ಆಗಿ ನಾಲ್ಕು ವರ್ಷ ಮಲಗಿದ್ದರು. ಆ ನಾಲ್ಕು ವರ್ಷ ಅಮ್ಮ ಸಾಗರದ ಮನೆ ಬಿಟ್ಟು ಒಂದು ಮದುವೆಗೂ ಹೋಗಲಿಲ್ಲ. ಅಪ್ಪ ತೀರಿಕೊಂಡ ಆರು ತಿಂಗಳಿಗೆ ನಾನು, ತಮ್ಮ ಸೇರಿ ಅಮ್ಮನನ್ನು ಹೈದರಾಬಾದಿಗೆ ಕರೆದುಕೊಂಡು ಹೋದ್ವಿ. ಒಳ್ಳೇ ಹೋಟೆಲ್, ಸಿಟಿ ಮಧ್ಯದಲ್ಲೇ ಇತ್ತು, ಬ್ರೇಕ್‌ಫಾಸ್ಟ್ ಫ್ರೀ. ಆದರೆ ಹೋಟೆಲ್ ಗೇಟ್ ದಾಟಿದರೆ ದೊಡ್ಡ ರಸ್ತೆ. ಸಿಗ್ನಲ್ ಇದ್ದದ್ದು ಅರ್ಧ ಕಿಲೋಮೀಟರ್ ಆಚೆ. ಕ್ಯಾಬ್ ಇಲ್ಲದೆ ಎಲ್ಲಿಗೂ ಹೋಗೋ ಹಾಗಿಲ್ಲ, ಕ್ಯಾಬ್ ಇದ್ದದ್ದು ನಮ್ಮ ಫೋನಲ್ಲಿ. ಮೂರು ದಿನದಲ್ಲಿ ಅಮ್ಮ ಚಾರ್‌ಮಿನಾರ್ ನೋಡಿದರು, ಗೋಲ್ಕೊಂಡದ ಬುಡ ನೋಡಿದರು, ಉಳಿದ ಹೊತ್ತು ರೂಮಿನ ಟಿ.ವಿ. ನೋಡಿದರು.

ವಾಪಸ್ ಬಂದ ಮೇಲೆ ಪಕ್ಕದ ಮನೆಯವರು "ಹೈದರಾಬಾದ್ ಹ್ಯಾಂಗಿತ್ತು?" ಅಂತ ಕೇಳಿದ್ರು. ಅಮ್ಮ ಹೇಳಿದ್ದು ಒಂದೇ ಮಾತು: "ರೂಮು ಚೆನ್ನಾಗಿತ್ತು."

ಅವತ್ತು ನನಗೆ ನಿಜವಾಗಲೂ ಕಸಿವಿಸಿ ಆಯ್ತು. ನಾವು ಆರಿಸಿದ್ದು ನಮಗೆ ಅನುಕೂಲ ಆಗೋ ಜಾಗ. ಅಮ್ಮನಿಗೆ ಅದು ಎ.ಸಿ. ಇರೋ ಇನ್ನೊಂದು ಕೋಣೆ, ಅಷ್ಟೇ.

"ಎಲ್ಲದಕ್ಕೂ ಹತ್ತಿರ" ಅಂದ್ರೆ ಯಾವುದಕ್ಕೆ?

ಈ ಸಲ ಫೆಬ್ರವರಿಯಲ್ಲಿ ಕೊಚ್ಚಿಗೆ ಹೋಗೋಣ ಅಂತ ತೀರ್ಮಾನ ಆಯ್ತು. ಐದೇ ನಿಮಿಷಕ್ಕೆ ತಮ್ಮ ಲಿಂಕ್ ಕಳಿಸಿದ. ಎರ್ನಾಕುಳಂನ ಎಂ.ಜಿ. ರೋಡ್ ಹೋಟೆಲ್, ಮೆಟ್ರೋ ಸ್ಟೇಷನ್ ಎದುರಿಗೇ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್.

"ಬೇಡ ಕಣೋ, ಫೋರ್ಟ್ ಕೊಚ್ಚಿಯಲ್ಲಿ ಉಳಿಯೋಣ" ಅಂದೆ.

"ಅಕ್ಕ, ಅದು ನೀರಿನ ಆಚೆ ಕಡೆ. ಅಲ್ಲಿಂದ ಎಲ್ಲದಕ್ಕೂ ದೂರ."

"ಎಲ್ಲದಕ್ಕೂ ಅಂದ್ರೆ ಯಾವುದಕ್ಕೆ? ಲಿಸ್ಟ್ ಮಾಡು ನೋಡೋಣ."

ಮಾಡಿದ. ಚೀನಾ ಬಲೆ, ಸೇಂಟ್ ಫ್ರಾನ್ಸಿಸ್ ಚರ್ಚ್, ಸಾಂತಾ ಕ್ರೂಜ್ ಬೆಸಿಲಿಕಾ, ಮಟ್ಟಂಚೇರಿ ಅರಮನೆ, ಯಹೂದಿಗಳ ಸಿನಗಾಗ್, ಧೋಬಿ ಖಾನಾ, ಮರೀನ್ ಡ್ರೈವ್, ಲುಲು ಮಾಲ್. ಎಂಟರಲ್ಲಿ ಆರು ನೀರಿನ ಆಚೆ ಕಡೆಯಲ್ಲೇ ಇದ್ದವು! ಹೋಟೆಲ್ ಮಾತ್ರ ಈಚೆ ಕಡೆ. ಲುಲು ಮಾಲ್‌ಗೆ ಹತ್ತಿರ ಇರೋಕೆ ನಾವು ದಿನಾ ಎರಡು ಸಲ ಊರು ದಾಟಬೇಕಿತ್ತು.

ನಾವೆಲ್ಲ ಮಾಡೋ ತಪ್ಪು ಇದೇ ಅನ್ಸುತ್ತೆ. ಬುಕಿಂಗ್ ಆ್ಯಪ್‌ನಲ್ಲಿ "ಸಿಟಿ ಸೆಂಟರ್‌ನಿಂದ ಎಷ್ಟು ದೂರ" ಅಂತ ಕಿಲೋಮೀಟರ್ ತೋರಿಸ್ತಾರೆ, ನಾವು ಅದನ್ನೇ ನೋಡ್ತೀವಿ. ಆ ಸೆಂಟರ್ ಆಫೀಸು, ಅಂಗಡಿ, ಬ್ಯಾಂಕುಗಳ ಸೆಂಟರ್. ನಮ್ಮ ಪ್ರವಾಸದ ಸೆಂಟರ್ ಬೇರೆ ಎಲ್ಲೋ ಇರಬಹುದು.

ಕೊಚ್ಚಿಯ ನಕ್ಷೆ ಎರಡೇ ನಿಮಿಷದಲ್ಲಿ

ಹೋಗದವರಿಗೆ ಸ್ವಲ್ಪ ಹೇಳಿಬಿಡ್ತೇನೆ. ರೈಲು, ಮೆಟ್ರೋ, ಮಾಲು, ಆಸ್ಪತ್ರೆ ಎಲ್ಲ ಇರೋದು ಎರ್ನಾಕುಳಂ ಕಡೆ. ಅದರ ಪಶ್ಚಿಮಕ್ಕೆ ಹಿನ್ನೀರು. ನೀರಿನ ಆಚೆ ಒಂದು ನಾಲಿಗೆಯ ಹಾಗೆ ಚಾಚಿಕೊಂಡ ನೆಲದ ತುದಿಯಲ್ಲಿ ಫೋರ್ಟ್ ಕೊಚ್ಚಿ, ಅದಕ್ಕೆ ಅಂಟಿಕೊಂಡು ಮಟ್ಟಂಚೇರಿ. ಉತ್ತರಕ್ಕೆ ವೈಪಿನ್ ದ್ವೀಪ. ಫೋರ್ಟ್ ಕೊಚ್ಚಿಗೂ ವೈಪಿನ್‌ಗೂ ನಡುವೆ ಇರೋ ಸಂದಿಯೇ ಬಂದರಿನ ಬಾಯಿ. ದೊಡ್ಡ ದೊಡ್ಡ ಹಡಗುಗಳು ಅಲ್ಲಿಂದಲೇ ಒಳಗೆ ಬರೋದು.

ಮಧ್ಯದಲ್ಲಿ ವಿಲಿಂಗ್ಡನ್ ದ್ವೀಪ. ಇದು ದೇವರು ಮಾಡಿದ್ದಲ್ಲ. 1920ರ ದಶಕದಲ್ಲಿ ಶುರುವಾದ ಬಂದರು ಕೆಲಸದಲ್ಲಿ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ಮೇಲ್ವಿಚಾರಣೆಯಲ್ಲಿ ಹೂಳೆತ್ತಿ, ಆ ಮಣ್ಣನ್ನೇ ಸುರಿದು ಕಟ್ಟಿದ ನೆಲ. ನಮ್ಮ ಬೆಂಗಳೂರಿಂದ ಕನ್ಯಾಕುಮಾರಿಗೆ ಹೋಗೋ ರೈಲನ್ನು ಹಳಬರು ಈಗಲೂ "ಐಲ್ಯಾಂಡ್ ಎಕ್ಸ್‌ಪ್ರೆಸ್" ಅಂತಾರಲ್ಲ, ಆ ಐಲ್ಯಾಂಡ್ ಇದೇ. ಮೊದಲು ಆ ರೈಲು ವಿಲಿಂಗ್ಡನ್ ದ್ವೀಪದ ಕೊಚ್ಚಿನ್ ಹಾರ್ಬರ್ ಟರ್ಮಿನಸ್ ತನಕ ಹೋಗ್ತಿತ್ತು. ಈಗ ರಾತ್ರಿ ಬೆಂಗಳೂರಲ್ಲಿ ಹತ್ತಿದ್ರೆ ಬೆಳಿಗ್ಗೆ ಎರ್ನಾಕುಳಂ ಟೌನ್‌ನಲ್ಲಿ ಇಳೀಬಹುದು. ನಾವೂ ಅದರಲ್ಲೇ ಹೋದ್ವಿ.

ಸ್ಟೇಷನ್‌ನಿಂದ ಆಟೋ ಹಿಡಿದು ಹೈಕೋರ್ಟ್ ಬಳಿಯ ವಾಟರ್ ಮೆಟ್ರೋ ಟರ್ಮಿನಲ್‌ಗೆ ಹೋದ್ವಿ. ಕೊಚ್ಚಿ ವಾಟರ್ ಮೆಟ್ರೋ ಶುರುವಾಗಿದ್ದು 2023ರ ಏಪ್ರಿಲ್‌ನಲ್ಲಿ. ಫೋರ್ಟ್ ಕೊಚ್ಚಿಗೆ ಬೋಟ್ ಬಂದಿದ್ದು ಮರುವರ್ಷ. ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲೇ ಕಟ್ಟಿದ ಬ್ಯಾಟರಿ ಬೋಟು, ಒಳಗೆ ಎ.ಸಿ. ನನಗೆ ಇಷ್ಟವಾಗಿದ್ದು ಅದಲ್ಲ. ಬೋಟ್ ನಿಲ್ಲೋ ಕಟ್ಟೆ ತೇಲುತ್ತೆ. ಭರತ ಬಂದರೆ ಅದೂ ಏರುತ್ತೆ, ಇಳಿತ ಬಂದರೆ ಅದೂ ಇಳಿಯುತ್ತೆ. ಹಾಗಾಗಿ ಬೋಟಿನ ನೆಲ, ಕಟ್ಟೆಯ ನೆಲ ಸಮ ಇರುತ್ತೆ. ಮಂಡಿ ನೋವಿನ ಅಮ್ಮ ಯಾರ ಕೈಯೂ ಹಿಡಿಯದೆ ಹತ್ತಿದರು, ಕಿಟಕಿ ಪಕ್ಕ ಕೂತರು.

ಇದಲ್ಲದೆ ಸರ್ಕಾರದ ಹಳೇ ಬೋಟುಗಳೂ ಎರ್ನಾಕುಳಂ ಜೆಟ್ಟಿಯಿಂದ ಓಡಾಡ್ತವೆ. ಸುಮಾರು ಇಪ್ಪತ್ತು ನಿಮಿಷದ ದಾರಿ, ಟಿಕೆಟ್ಟಿಗೆ ಒಂದು ಟೀ ದುಡ್ಡೂ ಆಗಲ್ಲ. ಗಾಳಿ ಅದರಲ್ಲೇ ಚೆನ್ನಾಗಿ ಬರೋದು. ಹತ್ತಿ ಇಳಿಯೋವಾಗ ಮಾತ್ರ ಸ್ವಲ್ಪ ಜೋಪಾನ.

ಬೆಳಿಗ್ಗೆ ಆರು ಗಂಟೆಗೆ ಅಮ್ಮ ಇರಲಿಲ್ಲ

ನಾವು ಉಳಿದಿದ್ದು ಒಂದು ಹೋಮ್‌ಸ್ಟೇ. ಹಳೇ ಮನೆ, ದಪ್ಪ ಗೋಡೆ, ಕೆಳಗಿನ ರೂಮು. (ಹಳೇ ಮನೆಗಳ ಮರದ ಮೆಟ್ಟಿಲು ತುಂಬಾ ಕಡಿದಾಗಿರ್ತವೆ. ಅದಕ್ಕೇ "ಕೆಳಗಿನ ರೂಮೇ ಬೇಕು" ಅಂತ ಮೊದಲೇ ಫೋನ್ ಮಾಡಿ ಹೇಳಿದ್ದೆ.) ಬೀದಿಯಲ್ಲಿ ದೊಡ್ಡ ದೊಡ್ಡ ಮಳೆಮರಗಳು. ರಾತ್ರಿ ಒಂಬತ್ತರ ಮೇಲೆ ಒಂದು ಸ್ಕೂಟರ್ ಹೋದರೆ ಕಿವಿ ನಿಮಿರುತ್ತೆ, ಅಷ್ಟು ಶಾಂತ.

ಎರಡನೇ ದಿನ ಬೆಳಿಗ್ಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಬಾತ್‌ರೂಮಲ್ಲಿ ಇಲ್ಲ. ಜಗುಲಿಯಲ್ಲಿ ಇಲ್ಲ. ಫೋನ್ ಚಾರ್ಜಿಗೆ ಹಾಕಿದ್ದು ಹಾಗೇ ಇದೆ. ಭಾಷೆ ಬಾರದ ಊರು, ಬಿ.ಪಿ. ಮಾತ್ರೆಯೂ ಟೇಬಲ್ ಮೇಲೇ ಇದೆ. ನನಗೆ ಕೈಕಾಲು ತಣ್ಣಗಾಯ್ತು. ತಮ್ಮನನ್ನೂ ಎಬ್ಬಿಸದೆ ನೈಟ್ ಪ್ಯಾಂಟಲ್ಲೇ ಓಡಿದೆ.

ಸಮುದ್ರದ ದಂಡೆಗೆ ಐದಾರು ನಿಮಿಷ. ಚೀನಾ ಬಲೆಗಳ ಹತ್ತಿರ ಹೋದರೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕು ಜನ ಬೆಸ್ತರ ಜೊತೆ ಹಗ್ಗ ಎಳೀತಾ ಇದ್ದಾರೆ!

"ಬಂದ್ಯಾ? ಹಿಡಿ ಹಗ್ಗ" ಅಂದರು.

ಆ ಬಲೆ ಹತ್ತಿರದಿಂದ ನೋಡಿದ್ದೀರಾ? ಮರದ ದೊಡ್ಡ ತೊಲೆಗಳ ಚೌಕಟ್ಟಿಗೆ ಕಟ್ಟಿದ ಬಲೆ ಒಂದು ಕಡೆ. ಇನ್ನೊಂದು ಕಡೆ ಹಗ್ಗಗಳಿಗೆ ಕಟ್ಟಿ ಇಳಿಬಿಟ್ಟ ದೊಡ್ಡ ಕಲ್ಲುಗಳು. ತಕ್ಕಡಿಯ ಹಾಗೆ. ಬಲೆ ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿರುತ್ತೆ, ಆಮೇಲೆ ನಾಲ್ಕೈದು ಜನ ಹಗ್ಗ ಎಳೆದರೆ ಕಲ್ಲುಗಳು ಒಂದೊಂದಾಗಿ ಕೆಳಗೆ ಬಂದು ಬಲೆ ಮೇಲೇಳುತ್ತೆ. ಅವತ್ತು ಬಂದಿದ್ದು ಒಂದಷ್ಟು ಶೆಟ್ಲಿ, ಎರಡು ಏಡಿ, ರಾಶಿ ಜೊಂಡು, ಒಂದು ಪ್ಲಾಸ್ಟಿಕ್ ಬಾಟಲಿ. ಅಮ್ಮ ಕುಮಟಾದಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗಿ ಬಂದ ಊರಿನ ಹೆಸರಲ್ಲಿ ಸಾಗರ ಇದೆ, ಊರಲ್ಲಿ ಸಮುದ್ರ ಇಲ್ಲ. ಮೀನು ಬುಟ್ಟಿಗೆ ಬೀಳೋದನ್ನು ಅವರು ನೋಡ್ತಾ ನಿಂತ ಆ ಮುಖ ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಬೆಸ್ತರಿಗೆ ಟೀಗೆ ಅಂತ ಸ್ವಲ್ಪ ದುಡ್ಡು ಕೊಟ್ಟು, ಅಲ್ಲೇ ಕಟ್ಟೆ ಮೇಲೆ ಕೂತ್ವಿ. ನಾನು ಬೈಯೋಕೆ ಶುರು ಮಾಡಿದ್ದೆ. "ಹೇಳದೇ ಬರ್ತಾರಾ? ದಾರಿ ತಪ್ಪಿದ್ರೆ?"

"ಎಂತ ದಾರಿ ತಪ್ಪೋದು ಮಾರಾಯ್ತಿ? ಬೀದಿ ತುದಿಗೆ ಬಂದ್ರೆ ನೀರು ಕಾಣ್ತದೆ. ನೀರಿಗೆ ಬೆನ್ನು ಹಾಕಿ ನಡೆದ್ರೆ ಮನೆ" ಅಂದರು.

ಆಮೇಲೆ ಬಲೆಯ ಕಲ್ಲುಗಳನ್ನೇ ನೋಡ್ತಾ ಹೇಳಿದರು: "ನೋಡು, ಭಾರ ಎಲ್ಲ ಆ ಕಲ್ಲಿಂದೇ. ಮನುಷ್ಯ ಸಮ ನೋಡ್ಕೊಂಡ್ರೆ ಸಾಕು. ನಿಮ್ಮಪ್ಪನ್ನ ಎತ್ತಿ ಕೂರಿಸೋವಾಗ ಇಂಥದೊಂದು ಕಲ್ಲು ಕಟ್ಟಿದ್ರೆ ಆಗ್ತಿತ್ತು."

ಹೇಳಿ ನಕ್ಕರು. ಜೋರಾಗಿ ನಕ್ಕರು. ಅಪ್ಪ ಹೋದ ಮೇಲೆ ಅವರ ಹೆಸರೆತ್ತಿ ಅಮ್ಮ ನಕ್ಕಿದ್ದು ಅದೇ ಮೊದಲು.

ನಾನು ನಗಲಿಲ್ಲ. ನಾಲ್ಕು ವರ್ಷ ದಿನಕ್ಕೆ ಅದೆಷ್ಟು ಸಲ ಅಪ್ಪನನ್ನು ಎತ್ತಿ ಕೂರಿಸಿದ್ದರೋ. ನಾನು ಬೆಂಗಳೂರಿಂದ ತಿಂಗಳಿಗೊಮ್ಮೆ ಬಂದು, ಎರಡು ದಿನ ಇದ್ದು, ಲ್ಯಾಪ್‌ಟಾಪ್ ತೆಗೆದುಕೊಂಡು ವಾಪಸ್ ಹೋಗ್ತಿದ್ದೆ. "ಕೆಲಸಕ್ಕೆ ಜನ ಇಡೋಣ ಅಮ್ಮ, ದುಡ್ಡು ನಾನು ಕಳಿಸ್ತೀನಿ" ಅಂತ ಹೇಳಿ ನನ್ನ ಪಾಲು ಮುಗೀತು ಅಂದುಕೊಂಡಿದ್ದೆ. ಅಮ್ಮ ಅವತ್ತು ಆ ವರ್ಷಗಳ ಬಗ್ಗೆ ಒಂದು ಗಂಟೆ ಮಾತಾಡಿದರು. ರಾತ್ರಿ ಎಷ್ಟು ಸಲ ಏಳಬೇಕಾಗ್ತಿತ್ತು, ಅಪ್ಪ ಸಿಟ್ಟಿನಲ್ಲಿ ತಟ್ಟೆ ತಳ್ಳಿದ ದಿನ, ಮಾತು ಹೋದ ಮೇಲೂ ರೇಡಿಯೋ ಹಾಡಿಗೆ ಬೆರಳು ಆಡಿಸ್ತಿದ್ದದ್ದು. ನಾನು ಕೇಳಿಸಿಕೊಂಡೆ. ಎದುರಿಗೆ ಒಂದು ಹಡಗು ನಿಧಾನಕ್ಕೆ ಬಂದರಿನ ಒಳಗೆ ಹೋಯ್ತು.

ಹೈದರಾಬಾದಿನ ಆ ರೂಮಿನಲ್ಲಿ ಈ ಮಾತು ಬರ್ತಿರಲಿಲ್ಲ. ಅಲ್ಲಿ ಅಮ್ಮ ನಮ್ಮನ್ನು ಕಾಯ್ತಾ ಇದ್ದರು, ಇಲ್ಲಿ ನಾವು ಅವರನ್ನು ಹುಡುಕಿಕೊಂಡು ಹೋಗಬೇಕಾಯ್ತು. ಅಷ್ಟೇ ವ್ಯತ್ಯಾಸ.

ಮಟ್ಟಂಚೇರಿಯಲ್ಲಿ ಕೊಂಕಣಿ

ಆಮೇಲೆ ನಮ್ಮ ಪ್ಲಾನ್ ಅಮ್ಮನ ಕೈಗೆ ಹೋಯ್ತು. ಬೆಳಿಗ್ಗೆ ದಂಡೆ, ಹತ್ತು ಗಂಟೆಗೆ ಒಂದೇ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ದಂಡೆ.

ಸೇಂಟ್ ಫ್ರಾನ್ಸಿಸ್ ಚರ್ಚಿಗೆ ನಡೆದುಕೊಂಡೇ ಹೋದ್ವಿ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತಿದ್ದು ಇಲ್ಲೇ. ಆಮೇಲೆ ಅವನ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಕಲ್ಲು ಮಾತ್ರ ಇದೆ. ವೇಲಿಯ ಧೋಬಿ ಖಾನಾದಲ್ಲಿ ಇವತ್ತಿಗೂ ಕೈಯಲ್ಲೇ ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡ್ತಾರೆ. ಅಮ್ಮ ಚರ್ಚಿಗಿಂತ ಹೆಚ್ಚು ಹೊತ್ತು ಅಲ್ಲಿ ನಿಂತಿದ್ದರು.

ಮಟ್ಟಂಚೇರಿ ಅರಮನೆಯನ್ನು ಕಟ್ಟಿಸಿ ಕೊಚ್ಚಿ ರಾಜರಿಗೆ ಕೊಟ್ಟವರು ಪೋರ್ಚುಗೀಸರು, ಆಮೇಲೆ ರಿಪೇರಿ ಮಾಡಿಸಿದವರು ಡಚ್ಚರು. ಜನ ಕರೆಯೋದು ಡಚ್ ಅರಮನೆ ಅಂತ! ಒಳಗೆ ಗೋಡೆ ತುಂಬಾ ರಾಮಾಯಣದ ಚಿತ್ರಗಳು. ಪಕ್ಕದಲ್ಲೇ 1568ರ ಪರದೇಶಿ ಸಿನಗಾಗ್, ನೆಲಕ್ಕೆ ಚೀನಾದಿಂದ ತಂದ ನೀಲಿ ಚಿತ್ರದ ಟೈಲ್ಸ್. ನೆನಪಿಡಿ, ಅರಮನೆಗೆ ಶುಕ್ರವಾರ ರಜೆ, ಸಿನಗಾಗ್‌ಗೆ ಶನಿವಾರ ರಜೆ. ವೀಕೆಂಡ್ ಟ್ರಿಪ್ಪಿನವರು ಎಡವೋದು ಇಲ್ಲೇ.

ಅಲ್ಲಿಂದ ಚೆರ್ಲಾಯಿಯ ತಿರುಮಲ ದೇವಸ್ಥಾನ. ಗೋವಾದಿಂದ ಕರಾವಳಿ ಗುಂಟ ದಕ್ಷಿಣಕ್ಕೆ ಬಂದು ನೆಲೆಸಿದ ಗೌಡ ಸಾರಸ್ವತರ ದೇವಸ್ಥಾನ ಇದು. ಅದೇ ವಲಸೆ ನಮ್ಮ ಕುಮಟಾ, ಹೊನ್ನಾವರ, ಮಂಗಳೂರಿನಲ್ಲೂ ಮನೆ ಮಾಡಿತು. ಹೂವಿನವರ ಹತ್ತಿರ ಇಬ್ಬರು ಹೆಂಗಸರು ಮಾತಾಡೋದು ಕೇಳಿ ಅಮ್ಮ ಗಕ್ಕನೆ ನಿಂತರು. ಕುಮಟಾದಲ್ಲಿ ಅಮ್ಮನ ಬಾಲ್ಯದ ಪಕ್ಕದ ಮನೆ ಕೊಂಕಣಿಯವರದ್ದು. ಆ ಹಳೇ ಕೊಂಕಣಿಯನ್ನೇ ತಡವರಿಸ್ತಾ ಎರಡು ಮಾತು ಆಡಿದರು. ಅವರ ಕೊಂಕಣಿಗೆ ಮಲಯಾಳಂ ರಾಗ, ಅಮ್ಮನದ್ದಕ್ಕೆ ಕನ್ನಡದ ರಾಗ. ಅರ್ಧ ಅರ್ಥ ಆಯ್ತು, ಉಳಿದರ್ಧ ನಗು. ತಮ್ಮ ಬಾಯಿ ಬಿಟ್ಟುಕೊಂಡು ನೋಡ್ತಾ ಇದ್ದ. ನಮ್ಮಮ್ಮನಿಗೆ ಕೊಂಕಣಿ ಬರುತ್ತೆ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ!

ಎಲ್ಲ ಹಾಲು ಜೇನಲ್ಲ

ಬರೀ ಹೊಗಳಿದರೆ ನೀವು ನಂಬಬಾರದು. ತೊಂದರೆಗಳನ್ನೂ ಹೇಳ್ತೇನೆ.

ಮೂರನೇ ದಿನ ತಮ್ಮನ ಆಸೆಯಂತೆ ಲುಲು ಮಾಲ್‌ಗೆ ಹೋದ್ವಿ. ಬಿಲ್ ಕೌಂಟರಿನ ಸಾಲಲ್ಲಿ ನಿಂತು ರಾತ್ರಿ ಕೊನೆಯ ಬೋಟ್ ತಪ್ಪಿತು. ಟೀ ದುಡ್ಡಲ್ಲಿ ದಾಟೋ ನೀರನ್ನು ಸೇತುವೆ ಮೇಲೆ ಸುತ್ತಿಕೊಂಡು ಬರೋಕೆ ಕ್ಯಾಬಿಗೆ ಐನೂರರ ಹತ್ತಿರ ಕೊಟ್ವಿ. ನೀರಿನ ಆಚೆ ಉಳಿಯೋರು ಕೊನೆಯ ಬೋಟ್ ಟೈಮನ್ನು ಮೊದಲ ದಿನವೇ ಜೆಟ್ಟಿಯಲ್ಲಿ ಕೇಳಿ ಇಟ್ಟುಕೊಳ್ಳಬೇಕು.

ಸಂಜೆ, ಅದರಲ್ಲೂ ಶನಿವಾರ ಭಾನುವಾರ, ವಾಟರ್ ಮೆಟ್ರೋಗೆ ಉದ್ದ ಕ್ಯೂ ಇರುತ್ತೆ. ವಿಮಾನದಲ್ಲಿ ಬರೋರಿಗೆ ನೆಡುಂಬಾಶೇರಿ ಏರ್‌ಪೋರ್ಟಿಂದ ಫೋರ್ಟ್ ಕೊಚ್ಚಿ ನಿಜಕ್ಕೂ ದೂರ, ಟ್ರಾಫಿಕ್ಕಲ್ಲಿ ಎರಡು ಗಂಟೆ ಹಿಡಿಯಬಹುದು. ಬೆಳಗಿನ ಜಾವದ ಫ್ಲೈಟ್ ಇದ್ದರೆ ಕೊನೆಯ ರಾತ್ರಿ ಆ ಕಡೆಯೇ ಉಳಿಯೋದು ವಾಸಿ. ಸೊಳ್ಳೆ ಇವೆ. ಬೀಚ್ ಕೂತು ನೋಡೋಕೆ ಚೆಂದ, ಈಜೋಕಲ್ಲ. ಡಿಸೆಂಬರ್ ಕೊನೆಗೆ ಹೋದರೆ ಈ ಶಾಂತಿ ಹುಡುಕಿದರೂ ಸಿಗಲ್ಲ. 31ರ ರಾತ್ರಿ ಪಪ್ಪಾಂಜಿ ಅನ್ನೋ ದೊಡ್ಡ ಮುದುಕನ ಬೊಂಬೆ ಸುಡೋ ಕಾರ್ನಿವಲ್‌ಗೆ ಜನಸಾಗರ. ಬಿಯೆನಾಲೆ ಕಲಾಪ್ರದರ್ಶನ ಇರೋ ವರ್ಷ ರೂಮಿನ ರೇಟೂ ಏರಿರುತ್ತೆ.

ಒಂದೇ ದಿನ ಇರೋರು, ಆಫೀಸ್ ಕೆಲಸಕ್ಕೆ ಬಂದೋರು, ಆಸ್ಪತ್ರೆಗೆ ಬಂದೋರು ಎರ್ನಾಕುಳಂನಲ್ಲೇ ಉಳಿಯಿರಿ. ತಮ್ಮ ಕಳಿಸಿದ ಹೋಟೆಲ್ ಕೆಟ್ಟದ್ದಾಗಿರಲಿಲ್ಲ. ಅದು ಬೇರೆ ಥರದ ಟ್ರಿಪ್ಪಿಗೆ ಸರಿ.

ಬುಕ್ ಮಾಡೋ ಮುಂಚೆ

ಈಗ ನಾನು ಯಾವ ಊರಿಗೆ ಹೋದರೂ ಮೊದಲು ನೋಡಬೇಕಾದ ಜಾಗಗಳನ್ನು ಫೋನಿನ ಮ್ಯಾಪಲ್ಲಿ ಗುರುತು ಮಾಡ್ತೇನೆ. ಗುಂಪು ಎಲ್ಲಿ ಬೀಳುತ್ತೋ ಅದೇ ನಮ್ಮ ಸೆಂಟರ್. ಆಮೇಲೆ ಮೂರೇ ಪ್ರಶ್ನೆ. ನೀರು ದಾಟೋಕೆ ಏನಿದೆ, ಎಷ್ಟು ಹೊತ್ತಿನ ತನಕ ಇದೆ? ರೂಮಿಗೆ ಎಷ್ಟು ಮೆಟ್ಟಿಲು? ನಮ್ಮಲ್ಲಿ ಅತಿ ನಿಧಾನ ನಡೆಯೋರು ಬೆಳಿಗ್ಗೆ ಆರು ಗಂಟೆಗೆ ಒಬ್ಬರೇ ಹೊರಗೆ ಹೋಗಿ, ಯಾರನ್ನೂ ಕೇಳದೆ, ವಾಪಸ್ ಬರಬಹುದಾ?

ಮೂರನೇದೇ ಮುಖ್ಯ. ರಿವ್ಯೂಗಳಲ್ಲಿ ಅದು ಸಿಗಲ್ಲ. ಹೋಟೆಲ್‌ಗೆ ಫೋನ್ ಮಾಡಿ "ಗೇಟ್ ಹೊರಗೆ ಫುಟ್‌ಪಾತ್ ಇದೆಯಾ, ಕೂರೋಕೆ ಜಾಗ ಇದೆಯಾ, ಹತ್ತಿರ ಟೀ ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ" ಅಂತ ಕೇಳಿ. ಎರಡು ನಿಮಿಷದ ಕೆಲಸ.

ಈ ಲೆಕ್ಕ ಕೊಚ್ಚಿಗೆ ಮಾತ್ರ ಅಲ್ಲ. ಕಾಶಿಯಲ್ಲಿ ದಶಾಶ್ವಮೇಧದ ನೂಕುನುಗ್ಗಲಿನ ಬದಲು ದಕ್ಷಿಣ ತುದಿಯ ಅಸ್ಸಿ ಘಾಟ್ ಇದೆ. ಉದಯಪುರದಲ್ಲಿ ಪಿಚೋಲಾ ಕೆರೆಯ ಆಚೆ ದಂಡೆಗೆ ಹನುಮಾನ್ ಘಾಟ್ ಇದೆ, ಅಲ್ಲಿಂದ ಅರಮನೆ ಪೂರ್ತಿಯಾಗಿ ಕಾಣುತ್ತೆ. ಇಸ್ತಾಂಬುಲ್‌ಗೆ ಹೋಗೋ ಅದೃಷ್ಟ ಇದ್ದವರಿಗೆ ಏಷ್ಯಾ ಕಡೆಯ ಕಡಿಕೊಯ್ ಇದೆ, ಫೆರಿ ಹತ್ತಿದರೆ ಯುರೋಪ್ ಕಡೆ. ಎಲ್ಲ ಕಡೆ ಒಂದೇ ಉಪಾಯ: ಗದ್ದಲಕ್ಕೆ ಹೋಗಿ ಬನ್ನಿ, ಅದರೊಳಗೆ ಮಲಗಬೇಡಿ.

ವಾಪಸ್ ಬಂದ ಮೇಲೆ ಪಕ್ಕದ ಮನೆಯವರು ಮತ್ತೆ ಕೇಳಿದ್ರು, "ಕೊಚ್ಚಿ ಹ್ಯಾಂಗಿತ್ತು?" ಫೋನಿನ ಈ ತುದಿಯಲ್ಲಿ ನನಗೂ ಕೇಳಿಸ್ತಿತ್ತು. ಅಮ್ಮ ಬಲೆಯ ಕಲ್ಲಿನಿಂದ ಶುರು ಮಾಡಿದರು. ಆಮೇಲೆ ನಮ್ಮ ಬೀದಿಯಷ್ಟು ಉದ್ದದ ಹಡಗು, ಆಮೇಲೆ ಕೊಂಕಣಿ ಹೆಂಗಸರು, ಆಮೇಲೆ ಗಂಜಿ ಹಾಕಿದ ಸೀರೆ. ಹತ್ತು ನಿಮಿಷ ಆದರೂ ರೂಮಿನ ಸುದ್ದಿಯೇ ಬರಲಿಲ್ಲ. ನಾನು ಸುಮ್ಮನೆ ಫೋನ್ ಇಟ್ಟೆ.

ಮೊನ್ನೆ ತಮ್ಮ ಇನ್ನೊಂದು ಲಿಂಕ್ ಕಳಿಸಿದ್ದಾನೆ. ಈ ಸಲ ಹೋಟೆಲ್ ಫೋಟೋ ಇರಲಿಲ್ಲ, ಮ್ಯಾಪಿನ ಸ್ಕ್ರೀನ್‌ಶಾಟ್ ಇತ್ತು. ಕೆಳಗೆ ಒಂದು ಸಾಲು: "ಅಕ್ಕ, ಇಲ್ಲಿಂದ ಅಮ್ಮ ಒಬ್ಬರೇ ನೀರಿನ ಹತ್ತಿರ ಹೋಗಿ ಬರಬಹುದಾ, ನೋಡು."